ಈ ಲೆಕ್ಕದಲ್ಲಿ ಬರೆ ಎಲ್ಲಿದೆ?

ಕೊಡಗಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಮೂರು ವರ್ಷ ನಡೆದ ಪ್ರಯೋಗವೊಂದರ ವಿವರ ಇದು. ಕಾಲೇಜು ಯಾವುದು, ವಿದ್ಯಾರ್ಥಿಗಳು ಯಾರು, ಮನೆ ಯಾರದು ಎಂಬುದು ಇಲ್ಲಿ ಬೇಡ. ಗುರುತು ಸಿಗಬಹುದಾದ ಸಂಗತಿಗಳನ್ನು ಅದಲುಬದಲು ಮಾಡಿದ್ದೇನೆ, ಅಳತೆಗಳನ್ನು ಲೆಕ್ಕಕ್ಕೆ ಒಗ್ಗುವಂತೆ ದುಂಡಗೆ ಮಾಡಿದ್ದೇನೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಕ್ವಾಂಟಿಟಿ ಸರ್ವೇಯಿಂಗ್ ಎಂದರೆ ನಕ್ಷೆ ಓದಿ ಎಷ್ಟು ಮಣ್ಣು ಅಗೆಯಬೇಕು, ಎಷ್ಟು ಕಾಂಕ್ರೀಟು, ಎಷ್ಟು ಗಾರೆ ಎಂದು ಅಳೆದು ಪಟ್ಟಿ ಮಾಡುವ ವಿದ್ಯೆ. ಬ್ರಿಟನ್ನಿನಲ್ಲಿ ಇದಕ್ಕೇ ಪ್ರತ್ಯೇಕ ಪದವಿಯಿದೆ. ನಮ್ಮಲ್ಲಿ ಅದು ಸಿವಿಲ್ ಪದವಿಯ ಕೊನೆಯ ವರ್ಷದಲ್ಲಿ ಒಂದು ವಿಷಯವಾಗಿ ಬಂದು ಹೋಗುತ್ತದೆ. ಅದರಲ್ಲಿ ಕಲಿಸುವುದು ಗೋಡೆಗಳನ್ನು ಅಳೆಯುವ ಸೆಂಟರ್ ಲೈನ್ ವಿಧಾನ, ಉದ್ದಗೋಡೆ ಅಡ್ಡಗೋಡೆ ವಿಧಾನ, ದರ ವಿಶ್ಲೇಷಣೆ, ಟೆಂಡರು, ಕರಾರು. ಪರೀಕ್ಷೆಯಲ್ಲಿ ಎರಡು ಕೋಣೆಯ ಮನೆಯ ನಕ್ಷೆ ಕೊಟ್ಟು ಅಂದಾಜು ಮಾಡಿಸುತ್ತಾರೆ. ಆ ಮನೆ ಯಾವಾಗಲೂ ಸಮತಟ್ಟಾದ ನೆಲದ ಮೇಲೆಯೇ ಇರುತ್ತದೆ. ಕೊಡಗಿನಲ್ಲಿ ಅಂಥ ನೆಲ ಬೇಕೆಂದರೆ ಗದ್ದೆಗೆ ಇಳಿಯಬೇಕು.

ನಾನು ಪಾಠಕ್ಕೆ ಬರುವ ಮುನ್ನ ಮೈಸೂರಿನಲ್ಲಿ ಒಬ್ಬ ಗುತ್ತಿಗೆದಾರರ ಬಳಿ ಏಳು ವರ್ಷ ಅಳತೆ ಪುಸ್ತಕ ಬರೆದವನು. ಕಟ್ಟಡದ ಡಿಜಿಟಲ್ ಮಾದರಿ, ಅಂದರೆ ಎಲ್ಲರೂ ಬಿಮ್ ಎಂದು ಕರೆಯುವ ವಿದ್ಯೆ, ನನಗೆ ತಡವಾಗಿ ಸಿಕ್ಕಿತು. ತಡವಾಗಿ ಸಿಕ್ಕಿದ್ದಕ್ಕೋ ಏನೋ ಮೋಹ ಹೆಚ್ಚಾಯಿತು. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಮಾದರಿಯಲ್ಲಿ ಗೋಡೆಗೆ ತಾನು ಗೋಡೆಯೆಂಬುದು ಗೊತ್ತು: ತನ್ನ ದಪ್ಪವೆಷ್ಟು, ಎತ್ತರವೆಷ್ಟು, ಯಾವ ಬ್ಲಾಕಿನದು, ತನ್ನೊಳಗೆ ಯಾವ ಕಿಟಕಿ ಕೂತಿದೆ. ಕಿಟಕಿಯನ್ನು ದೊಡ್ಡದು ಮಾಡಿದರೆ ಗೋಡೆಯ ಗಾತ್ರ ತಾನಾಗಿ ಕುಗ್ಗುತ್ತದೆ. ರಾತ್ರಿಯಿಡೀ ಕೂತು ಅಳತೆ ಪುಸ್ತಕ ತಿದ್ದಿದವನಿಗೆ ಇದು ಪವಾಡದಂತೆಯೇ ಕಾಣುತ್ತದೆ.

ಮೊದಲ ವರ್ಷ ನನ್ನ ತರಗತಿಯಲ್ಲಿ 31 ಜನರಿದ್ದರು. ಪ್ರಯೋಗಾಲಯದಲ್ಲಿ ಈ ತಂತ್ರಾಂಶದ ಭಾರ ತಾಳುವ ಕಂಪ್ಯೂಟರುಗಳು 11. ಆಗಸ್ಟಿನಲ್ಲಿ ಸೆಮಿಸ್ಟರು ಶುರುವಾಗುವ ಹೊತ್ತಿಗೆ ಮಳೆ ರಜೆ, ರಜೆಯಿಲ್ಲದ ದಿನ ಕರೆಂಟು ರಜೆ. ಆದರೂ ನಾಲ್ಕು ವಾರದಲ್ಲಿ ಎಲ್ಲರೂ ಎರಡಂತಸ್ತಿನ ಮನೆಯನ್ನು ಮಾದರಿಯಲ್ಲಿ ಎಬ್ಬಿಸಿದರು. ಒಂದು ಗುಂಡಿ ಒತ್ತಿದರೆ ಪ್ರಮಾಣಪಟ್ಟಿ ಹೊರಬರುತ್ತಿತ್ತು. ಒಬ್ಬ ವಿದ್ಯಾರ್ಥಿ ತನ್ನ ಒಕ್ಕದ, ಅಂದರೆ ಕುಲದ, ಐನ್‌ಮನೆಯನ್ನೇ, ಹಿರಿಯರ ಮೂಲಮನೆಯನ್ನೇ ಮಾಡಿ ತಂದ. ಮುಂದೆ ಕೈಯಾಲೆ ಎಂಬ ಜಗಲಿ, ಅದರ ಕಂಬಗಳ ನಡುವೆ ಹಾಸಿದ ಐಮರ ಎಂಬ ಹಲಗೆ, ಒಳಗೆ ನಡುಬಾಡೆ ಎಂಬ ನಡುಮನೆ, ಮೇಲೆ ಹೆಂಚು. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಜನ ಅದರ ಮುಂದೆಯೇ ನಿಂತರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನಾನು ಎಲ್ಲರಿಗೂ ಧಾರಾಳವಾಗಿ ಅಂಕ ಕೊಟ್ಟೆ. ಆ ಐನ್‌ಮನೆಯ ಮಣ್ಣಿನ ಗೋಡೆ ಎಷ್ಟು ಘನ ಮೀಟರ್ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಫೋನು ಬಂದದ್ದು

ಮರುವರ್ಷದ ಬೇಸಿಗೆಯಲ್ಲಿ, ಪಾಸಾಗಿ ಹೋದ ಹುಡುಗನೊಬ್ಬ ದಕ್ಷಿಣ ಕೊಡಗಿನ ಒಬ್ಬ ಸಣ್ಣ ಗುತ್ತಿಗೆದಾರರ ಬಳಿ ಕೆಲಸಕ್ಕೆ ಸೇರಿದ್ದ. ಒಂದು ಮನೆಯ ಅಂದಾಜನ್ನು ಮಾದರಿಯಿಂದಲೇ ತೆಗೆದು ಕೊಟ್ಟಿದ್ದ. ಅವರು ಅದನ್ನು ನಂಬಿ ಮನೆಯವರಿಗೆ ದರ ಒಪ್ಪಿಸಿಬಿಟ್ಟಿದ್ದರು. ಒಂದು ಸಂಜೆ ಆ ಗುತ್ತಿಗೆದಾರರು ನನಗೇ ಫೋನು ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮೇಷ್ಟ್ರೇ, ನಿಮ್ಮ ಹುಡುಗ ಕೊಟ್ಟ ಲೆಕ್ಕ ಬಹಳ ಅಚ್ಚುಕಟ್ಟಾಗಿದೆ. ಆದರೆ ಈ ಲೆಕ್ಕದಲ್ಲಿ ಬರೆ ಎಲ್ಲಿದೆ?" ಎಂದು ಕೇಳಿದರು.

ಬರೆ ಎಂದರೆ ಇಲ್ಲಿ ಗುಡ್ಡವನ್ನು ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆ. 2018ರ ಆಗಸ್ಟಿನ ಭೂಕುಸಿತ ನೋಡಿದ ಜಿಲ್ಲೆಯಲ್ಲಿ ಈ ಪದವನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಮಳೆಗಾಲದ ಪತ್ರಿಕೆಗಳಲ್ಲಿ ಬರೆ ಕುಸಿದ ಸುದ್ದಿ ಬಾರದ ವಾರವಿಲ್ಲ.

ಆ ನಿವೇಶನ ಹೀಗಿತ್ತು. ಅಗಲ 10 ಮೀಟರ್, ರಸ್ತೆಯಿಂದ ಹಿಂದಕ್ಕೆ 12 ಮೀಟರ್. ಮುಂದಿನಿಂದ ಹಿಂದಕ್ಕೆ ಹೋಗುವಷ್ಟರಲ್ಲಿ ನೆಲ 2.4 ಮೀಟರ್ ಏರುತ್ತಿತ್ತು. ಕೊಡಗಿನ ಮಟ್ಟಿಗೆ ಇದು ಇಳಿಜಾರೇ ಅಲ್ಲ ಎನ್ನುವವರಿದ್ದಾರೆ. ಮನೆ ರಸ್ತೆಯ ಮಟ್ಟಕ್ಕೆ ಕೂರಬೇಕಾದರೆ ಆ ತ್ರಿಕೋನವಷ್ಟನ್ನೂ ಕಡಿಯಬೇಕು: 12ನ್ನು 2.4ರಿಂದ ಗುಣಿಸಿ ಅರ್ಧ ಮಾಡಿ, ಅಗಲ 10ರಿಂದ ಗುಣಿಸಿದರೆ 144 ಘನ ಮೀಟರ್. ಹುಡುಗನ ಮಾದರಿಯಲ್ಲಿ ನೆಲ ಸಪಾಟು. ಅದರಲ್ಲಿದ್ದ ಮಣ್ಣಿನ ಕೆಲಸವೆಂದರೆ ಪಾಯದ 12 ಗುಂಡಿ, ಒಂದೊಂದರ ಉದ್ದ, ಅಗಲ, ಆಳ ಮೂರೂ ಒಂದೂವರೆ ಮೀಟರ್. ಒಟ್ಟು 40.50 ಘನ ಮೀಟರ್. ಇರಬೇಕಾದದ್ದು 184.50. ಇದು ಬರೀ ಅಗೆತದ ಮಾತು. ಬರೆಗೆ ಕಟ್ಟಬೇಕಾದ ತಡೆಗೋಡೆ ಮಾದರಿಯಲ್ಲಿ ಇರಲೇ ಇಲ್ಲ, ಆದ್ದರಿಂದ ಪಟ್ಟಿಯಲ್ಲೂ ಇರಲಿಲ್ಲ. ಮಣ್ಣು ಸಾಗಿಸಿದ ಟಿಪ್ಪರಿನವನ ಬಿಲ್ಲು ಬಂದಾಗ ಇನ್ನೊಂದು ಗೊಂದಲ ಎದ್ದಿತು. 144 ಘನ ಮೀಟರಿಗೆ 4 ಘನ ಮೀಟರಿನ ಲೋಡು 36 ಆಗಬೇಕು, ಅವನು 45 ಬರೆದಿದ್ದ. ಅವನು ಮೋಸ ಮಾಡಿರಲಿಲ್ಲ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಕಾಲು ಭಾಗ ಉಬ್ಬಿದರೆ 144 ಎಂಬುದು ಲಾರಿಯಲ್ಲಿ 180 ಆಗುತ್ತದೆ, 45 ಲೋಡು ಸರಿಯಾಗುತ್ತದೆ.

ತಂತ್ರಾಂಶಕ್ಕೆ ಇಳಿಜಾರು ಗೊತ್ತಿಲ್ಲವೆಂದಲ್ಲ. ನೆಲದ ಮಟ್ಟಗಳನ್ನು ಕೊಟ್ಟರೆ ಅದು ಗುಡ್ಡವನ್ನೂ ಕಟ್ಟಿಕೊಡುತ್ತದೆ, ಎಷ್ಟು ಮಣ್ಣು ಕಡಿಯಬೇಕು, ಎಷ್ಟು ತುಂಬಬೇಕು ಎಂಬ ಲೆಕ್ಕವನ್ನೂ ಕೊಡುತ್ತದೆ. ನಾನು ನಾಲ್ಕು ವಾರದಲ್ಲಿ ಅದನ್ನು ಕಲಿಸಿರಲಿಲ್ಲ, ಅಷ್ಟೆ. ಹುಡುಗ ಬೆಳೆದದ್ದೇ ಅಂಥ ಗುಡ್ಡದ ಮೇಲೆ. ದಿನಾ ಹತ್ತಿ ಇಳಿಯುವ ಬರೆ ಅವನಿಗೆ ಪರದೆಯ ಮುಂದೆ ಕೂತಾಗ ನೆನಪಾಗಲಿಲ್ಲ. ಅಳೆಯುವುದು ಬೇರೆ, ಮಾದರಿ ಮಾಡುವುದು ಬೇರೆ ಎಂದು ನಾನೇ ಅವನ ತಲೆಯಲ್ಲಿ ಎರಡು ಕೋಣೆ ಕಟ್ಟಿದ್ದೆ.

ಎರಡನೆಯ ವರ್ಷ: ತಾಳೆಯಾದ ಲೆಕ್ಕ

ಪರಿಹಾರ ನನಗೆ ಸುಲಭವಾಗಿ ಹೊಳೆಯಿತು. ಆಗಲೇ ಅನುಮಾನ ಬರಬೇಕಿತ್ತು. ಪ್ರತಿ ವಿದ್ಯಾರ್ಥಿಯೂ ಒಂದೇ ಮನೆಯ ಪ್ರಮಾಣವನ್ನು ಕೈಯಿಂದಲೂ ತೆಗೆಯಬೇಕು, ಮಾದರಿಯಿಂದಲೂ ತೆಗೆಯಬೇಕು. ಎರಡರ ನಡುವಿನ ವ್ಯತ್ಯಾಸ ಶೇಕಡಾ 2ರ ಒಳಗಿದ್ದರೆ ಪೂರ್ಣ ಅಂಕ. ಇಳಿಜಾರಿನ ಪಾಠವನ್ನೂ ಸೇರಿಸಿದೆ.

ಫಲಿತಾಂಶ ನೋಡಿ ಎರಡು ದಿನ ಖುಷಿಯಾಗಿದ್ದೆ. ಬಹುತೇಕ ಎಲ್ಲರದೂ ಶೇಕಡಾ 2ರ ಒಳಗೆ, ಕೆಲವರದು ಅರ್ಧಕ್ಕಿಂತ ಕಡಿಮೆ. ಮೂರನೆಯ ದಿನ ಒಂದು ಮಾದರಿಯ ಗೋಡೆಯನ್ನು ಸುಮ್ಮನೆ ಒತ್ತಿ ನೋಡಿದೆ. ದಪ್ಪ 192 ಮಿಲಿಮೀಟರ್ ಎಂದಿತು. ಇಲ್ಲಿ ಕಾಂಕ್ರೀಟ್ ಬ್ಲಾಕಿನ ಗೋಡೆ 200 ಇರುತ್ತದೆ, ಒಳಗೋಡೆಯಾದರೆ 150. 192ರ ಬ್ಲಾಕನ್ನು ಯಾವ ಯಾರ್ಡಿನಲ್ಲೂ ಮಾರುವುದಿಲ್ಲ. ಕೈಲೆಕ್ಕಕ್ಕೆ ಹೊಂದುವ ತನಕ ಗೋಡೆಯನ್ನು ಸವೆಸಿದ್ದರು. ಇನ್ನೊಂದರಲ್ಲಿ ಛಾವಣಿ ತೆಳುವಾಗಿತ್ತು. ಮತ್ತೊಬ್ಬನಿಗೆ ಅಷ್ಟು ವ್ಯವಧಾನವೂ ಇರಲಿಲ್ಲ, ಪಟ್ಟಿಯನ್ನು ಎಕ್ಸೆಲ್‌ಗೆ ತಂದು ಅಂಕಿಯನ್ನೇ ಬದಲಿಸಿದ್ದ.

ಕರೆದು ಕೇಳಿದೆ. 192ರ ಗೋಡೆಯ ಹುಡುಗಿ ತಲೆ ತಗ್ಗಿಸಲಿಲ್ಲ. "ಎರಡೂ ಅಂಕಿ ಒಂದಾಗಬೇಕು ಎಂದು ನೀವೇ ಹೇಳಿದಿರಿ. ಒಂದು ಮಾಡಿದೆವು," ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈ ಪ್ರಕರಣದಲ್ಲಿ ನಾನು ನಿಜವಾಗಿ ತಿರುಗಿದ್ದು ಅಲ್ಲಿ. ಗುತ್ತಿಗೆದಾರರ ಫೋನು ನನಗೆ ಪಾಠದಲ್ಲಿ ಏನು ಬಿಟ್ಟುಹೋಗಿದೆ ಎಂದು ತೋರಿಸಿತ್ತು. ಈ ಹುಡುಗಿಯ ಮಾತು ನಾನು ಯಾವುದಕ್ಕೆ ಬೆಲೆ ಕಟ್ಟುತ್ತಿದ್ದೇನೆ ಎಂದು ತೋರಿಸಿತು. ಬಿಲ್ಲಿಂಗ್ ವಿಭಾಗದ ಏಳು ವರ್ಷದಲ್ಲಿ ಅಂಕಿಯನ್ನು ಹೊಂದಿಸಿ ತಂದವರನ್ನು ನಾನು ಎಷ್ಟು ಕಂಡಿಲ್ಲ! ಈಗ ಅದನ್ನೇ ಅಂಕ ಕೊಟ್ಟು ಕಲಿಸುತ್ತಿದ್ದೆ.

ಮೂರನೆಯ ವರ್ಷ: ವ್ಯತ್ಯಾಸದ ಪುಸ್ತಕ

ಎರಡು ನಿರ್ಧಾರ ಮಾಡಿದೆ. ಮೊದಲನೆಯದು, ಮೊದಲ ಮೂರು ವಾರ ಕಂಪ್ಯೂಟರು ಮುಟ್ಟುವಂತಿಲ್ಲ. ಎರಡನೆಯದು, ಅಂಕ ತಾಳೆಗೆ ಸಿಗುವುದಿಲ್ಲ, ವ್ಯತ್ಯಾಸಕ್ಕೆ ಕೊಟ್ಟ ಕಾರಣಕ್ಕೆ ಸಿಗುತ್ತದೆ. ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವವರು ತಂತ್ರಾಂಶ ಬರುತ್ತದೆಯೇ ಎಂದಷ್ಟೇ ಕೇಳುತ್ತಾರೆ, ಮೂರು ವಾರ ಟೇಪು ಹಿಡಿಸಿದರೆ ಹುಡುಗರು ಹಿಂದೆ ಬೀಳುತ್ತಾರೆ ಎಂದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಆ ಅರ್ಧದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಅರ್ಧ ಕಟ್ಟಿದ ಮನೆಯೊಂದಿತ್ತು, ಇಳಿಜಾರಿನಲ್ಲೇ. ಮನೆಯವರು ಒಪ್ಪಿದರು. ಮೂರು ಶನಿವಾರ ಕೊಡೆ, ಟೇಪು, ಉಪ್ಪಿನ ಪೊಟ್ಟಣ ಹಿಡಿದು ಹೋದೆವು. ಉಪ್ಪು ಜಿಗಣೆಗೆ. ನೆಲದ ಮಟ್ಟ ತೆಗೆಯಲು ಆಟೋ ಲೆವೆಲ್ ಎಂಬ ದುರ್ಬೀನಿನ ಉಪಕರಣ ಒಯ್ದಿದ್ದೆವು. ಮೊದಲ ದಿನ ಮಂಜು ಕವಿದು ಹತ್ತು ಹೆಜ್ಜೆಯಾಚೆ ಹಿಡಿದ ಅಳತೆಕೋಲು ಕಾಣಲಿಲ್ಲ. ಮೇಸ್ತ್ರಿ ನಗುತ್ತ ತಮ್ಮ ಟ್ಯೂಬ್ ಲೆವೆಲ್ ಕೊಟ್ಟರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದರೆ ಮಂಜಿನಲ್ಲೂ ಮಟ್ಟ ಸಿಗುತ್ತದೆ. ಆ ದಿನ ನಾನು ಹೇಳಿಕೊಟ್ಟದ್ದಕ್ಕಿಂತ ಅವರು ಹೇಳಿಕೊಟ್ಟದ್ದೇ ಹೆಚ್ಚು.

ಆಮೇಲೆ ನಾಲ್ಕು ತಂಡಗಳು ಅದೇ ಮನೆಯನ್ನು ಮಾದರಿಯಲ್ಲಿ ಕಟ್ಟಿದವು. ಪ್ರತಿ ತಂಡಕ್ಕೂ ಗೆರೆ ಹಾಕಿದ ಒಂದು ನೋಟುಪುಸ್ತಕ. ಪ್ರತಿ ಕೆಲಸಕ್ಕೂ ಒಂದು ಪುಟ: ಕೈಲೆಕ್ಕ, ಮಾದರಿಯ ಲೆಕ್ಕ, ವ್ಯತ್ಯಾಸ, ಕಾರಣ.

ಗಾರೆಯ ಪುಟದಲ್ಲಿ ಮೊದಲ ಜಗಳ ಹುಟ್ಟಿತು. ಮನೆಯಲ್ಲಿ 2.10 ಚದರ ಮೀಟರಿನ ನಾಲ್ಕು ಬಾಗಿಲು, 1.44ರ ಎಂಟು ಕಿಟಕಿ, 0.27ರ ನಾಲ್ಕು ಗವಾಕ್ಷಿ. ಒಂದು ಮುಖಕ್ಕೆ ಎಲ್ಲ ಸೇರಿ 21.00. ಮಾದರಿ ಕಂಡ ಕಂಡ ತೂತನ್ನೆಲ್ಲ ಗೋಡೆಯ ಎರಡೂ ಮುಖದಿಂದ ಕಳೆದಿತ್ತು, ಒಟ್ಟು 42.00. ಆದರೆ ನಮ್ಮ ದೇಶದ ಅಳತೆಯ ನಿಯಮ ಐಎಸ್ 1200. ಅದರ 12ನೆಯ ಭಾಗ, 1976ರದು, ಗಾರೆಗೆ ಬೇರೆಯೇ ಮಾತು ಹೇಳುತ್ತದೆ. ಅರ್ಧ ಚದರ ಮೀಟರಿನ ತನಕದ ತೂತನ್ನು ಕಳೆಯುವಂತಿಲ್ಲ. ಅರ್ಧದಿಂದ ಮೂರರ ತನಕ ಒಂದು ಮುಖ ಮಾತ್ರ ಕಳೆಯಬೇಕು, ಇನ್ನೊಂದು ಮುಖವನ್ನು ಬಾಗಿಲು ಕಿಟಕಿಯ ಒಳಬದಿಯ ಗಾರೆಗೆ ಬದಲಾಗಿ ಬಿಡಬೇಕು. ಮೂರಕ್ಕಿಂತ ದೊಡ್ಡದಾದರೆ ಎರಡೂ ಮುಖ ಕಳೆದು, ಒಳಬದಿಯನ್ನು ಅಳೆದು ಕೂಡಿಸಬೇಕು. ಅಂದರೆ ಇಲ್ಲಿ ಗವಾಕ್ಷಿ ಬಿಟ್ಟು ಬಾಗಿಲು ಕಿಟಕಿಗಳ ಒಂದು ಮುಖ, 19.92 ಮಾತ್ರ. ವ್ಯತ್ಯಾಸ 22.08 ಚದರ ಮೀಟರ್. ಒಂದು ಸಣ್ಣ ಕೋಣೆಯ ಗೋಡೆಗಳಿಗೆ ಗಾರೆ ಬಳಿಯುವಷ್ಟು ಕೂಲಿ ಆ ಅಂಕಿಯೊಳಗೆ ಅಡಗಿದೆ.

"ಹಾಗಾದರೆ ಮಾದರಿ ತಪ್ಪು, ನಿಯಮ ಸರಿ," ಎಂದು ಒಂದು ತಂಡ ಬರೆದು ಮುಗಿಸಿತು. ಇನ್ನೊಂದು ತಂಡದ ಹುಡುಗಿ ಬಿಡಲಿಲ್ಲ. ಒಂದು ಕಿಟಕಿಯ ಸುತ್ತಳತೆ 4.8 ಮೀಟರ್, ಗೋಡೆಯ ದಪ್ಪ 0.20. ಒಳಬದಿಯ ಗಾರೆ ಚೌಕಟ್ಟನ್ನು ಕಳೆಯದೆ ಹಿಡಿದರೂ 0.96. ನಿಯಮ ಅದಕ್ಕೆ ಬದಲಾಗಿ ಬಿಟ್ಟುಕೊಡುವುದು 1.44. ನಿಯಮವೂ ನಿಜವಾಗಿ ಬಳಿದ ಗಾರೆಯನ್ನು ಹೇಳುತ್ತಿಲ್ಲವಲ್ಲ ಎಂದಳು. ನಾನು ಕಾಯುತ್ತಿದ್ದ ಪ್ರಶ್ನೆ ಅದು, ಆದರೆ ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. ನಿಯಮವೆಂದರೆ ಕಟ್ಟಿಸುವವನೂ ಕಟ್ಟುವವನೂ ಜಗಳವಿಲ್ಲದೆ ಹಣ ಎಣಿಸಿಕೊಳ್ಳಲು ಮಾಡಿಕೊಂಡ ಒಡಂಬಡಿಕೆ. ಸಿಮೆಂಟು ತರಿಸುವವನಿಗೆ ಬೇಕಾದ ಅಂಕಿ ಒಂದು, ಬಿಲ್ಲು ಬರೆಯುವವನಿಗೆ ಬೇಕಾದದ್ದು ಇನ್ನೊಂದು. ಮಾದರಿ ಕೊಟ್ಟದ್ದು ಮೂರನೆಯದು, ಏಕೆಂದರೆ ಒಳಬದಿಯ ಗಾರೆಯನ್ನು ಯಾವ ತಂಡವೂ ಅದರಲ್ಲಿ ಮೂಡಿಸಿರಲಿಲ್ಲ. ಒಂದೇ ಗೋಡೆಗೆ ಮೂರು ಅಳತೆ, ಮೂರೂ ಅದರದರ ಪ್ರಶ್ನೆಗೆ ಉತ್ತರ. ಆ ದಿನದ ತರಗತಿ ಒಂದು ಗಂಟೆ ತಡವಾಗಿ ಬಿಟ್ಟಿತು. ಕೊನೆಯ ಬಸ್ಸು ತಪ್ಪಿದವರನ್ನು ಜೀಪಿನಲ್ಲಿ ಕಳಿಸಬೇಕಾಯಿತು.

ಕಾಂಕ್ರೀಟಿನ ಪುಟದಲ್ಲಿ ಇನ್ನೂ ವಿಚಿತ್ರ ಕಂಡಿತು. ನಾಲ್ಕು ತಂಡ, ಒಂದೇ ಮನೆ, ನಾಲ್ಕು ಅಂಕಿ. ಬೀಮು 200 ಅಗಲ, 450 ಆಳ. ಛಾವಣಿಯ ದಪ್ಪ 120 ಮಿಲಿಮೀಟರ್. ಬೀಮಿನ ಮೇಲ್ಭಾಗದ 120 ಛಾವಣಿಯೊಳಗೇ ಇದೆ. ಎರಡನ್ನೂ ಜೋಡಿಸುವ ಆದೇಶ ಕೊಡದಿದ್ದ ತಂಡದ ಮಾದರಿ ಆ ಭಾಗವನ್ನು ಎರಡು ಸಲ ಎಣಿಸಿತ್ತು. ಮೀಟರಿಗೆ 0.024 ಘನ ಮೀಟರ್ ಎಂದರೆ ಏನೂ ಅನ್ನಿಸುವುದಿಲ್ಲ. 70 ಮೀಟರ್ ಬೀಮಿಗೆ ಅದು 1.68. ಇನ್ನೊಂದು ತಂಡ ಗೋಡೆಯನ್ನು ಬೀಮಿನೊಳಗೂ ತೂರಿಸಿತ್ತು. ಮತ್ತೊಂದರಲ್ಲಿ ಕಂಬವೂ ಗೋಡೆಯೂ ಒಂದೇ ಜಾಗದಲ್ಲಿ ನಿಂತಿದ್ದವು. ಕಣ್ಣಿಗೆ ನಾಲ್ಕೂ ಮಾದರಿ ಒಂದೇ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದೂ ಒಂದು ನಿರ್ಧಾರ ಎಂದು ಈಗ ಅನ್ನಿಸುತ್ತದೆ. ತಂಡಗಳೇ ಕೂತು ಒಂದು ಪುಟದ ಒಪ್ಪಂದ ಬರೆದವು: ಛಾವಣಿ ಪೂರ್ತಿ ಹರಡಬೇಕು, ಬೀಮಿನ ಆಳ ಛಾವಣಿಯ ತಳದಿಂದ, ಕಂಬ ಬೀಮಿನ ತಳಕ್ಕೆ ನಿಲ್ಲಬೇಕು, ಗೋಡೆ ಪಾಯದ ಮೇಲಿನ ಪ್ಲಿಂತ್ ಬೀಮಿನ ಮೇಲಿನಿಂದ ಛಾವಣಿಯ ಬೀಮಿನ ತಳದ ತನಕ. ಛಾವಣಿ ಬೀಮುಗಳ ಮಟ್ಟಿಗೆ ಹೆಚ್ಚು ಕಡಿಮೆ ಐಎಸ್ 1200ರ ಎರಡನೆಯ ಭಾಗವನ್ನೇ, ಅಂದರೆ ಕಾಂಕ್ರೀಟಿನ ಅಳತೆಯ ನಿಯಮವನ್ನೇ, ಅವರು ತಮ್ಮ ಮಾತಿನಲ್ಲಿ ಮತ್ತೆ ಬರೆದಿದ್ದರು. ದೊಡ್ಡ ಯೋಜನೆಗಳಲ್ಲಿ ಯಾವ ಮಾಹಿತಿ ಯಾರಿಗೆ, ಯಾವಾಗ, ಎಷ್ಟು ಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದಕ್ಕೆ 2018ರಲ್ಲಿ ಬಂದ ಐಎಸ್‌ಒ 19650 ಎಂಬ ಮಾನಕವೇ ಇದೆ. ಅದನ್ನು ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಖ್ಯೆಯಾಗುತ್ತಿತ್ತು.

ಮಾದರಿಯೇ ಗೆದ್ದ ಪುಟವೂ ಇದೆ. ಇಲ್ಲಿನ ಮಳೆಗೆ ಕಾಂಕ್ರೀಟ್ ಛಾವಣಿಯೊಂದೇ ಸಾಲದೆಂದು ಅದರ ಮೇಲೆ ಟ್ರಸ್ ಎಂಬ ಇಳಿಜಾರು ಚೌಕಟ್ಟು ನಿಲ್ಲಿಸಿ ಹೆಂಚು ಹೊದಿಸುತ್ತಾರೆ. ಸೂರಿನ ಚಾಚು ಸೇರಿ ನಕ್ಷೆಯಲ್ಲಿ 10ಕ್ಕೆ 8 ಮೀಟರ್. ನಾಲ್ಕರಲ್ಲಿ ಮೂರು ತಂಡ ಕೈಲೆಕ್ಕದಲ್ಲಿ 80 ಚದರ ಮೀಟರ್ ಎಂದೇ ಬರೆದಿದ್ದವು. ಮಾದರಿ 92.38 ಎಂದಿತು. 30 ಡಿಗ್ರಿ ಇಳಿಜಾರಿನ ಮೇಲ್ಮೈ ಅಷ್ಟೇ ಆಗುತ್ತದೆ. ಹೆಂಚು ಹೊದಿಸುವುದು ಇಳಿಜಾರಿಗೆ, ನಕ್ಷೆಗಲ್ಲ. ಕಾರಣದ ಜಾಗದಲ್ಲಿ ಒಂದು ತಂಡ "ನಮ್ಮ ತಪ್ಪು" ಎಂದು ಎರಡೇ ಪದ ಬರೆದಿತ್ತು. ಪೂರ್ಣ ಅಂಕ ಕೊಟ್ಟೆ.

ಕೊನೆಯ ವಾರ ಮೇಸ್ತ್ರಿಯನ್ನು ಪ್ರಯೋಗಾಲಯಕ್ಕೆ ಕರೆದು ಮಾದರಿ ತೋರಿಸಿದೆವು. ಅವರು ಪರದೆಯ ಮೇಲೆ ಮನೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ. ಇದನ್ನು ಕಟ್ಟಿದ್ದು ಮಳೆಗಾಲದಲ್ಲೋ ಬೇಸಿಗೆಯಲ್ಲೋ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಆ ಪ್ರಶ್ನೆಯಿಂದ ಪುಸ್ತಕದ ಹಿಂಬದಿಯಲ್ಲಿ "ಮಾದರಿಯಲ್ಲಿ ಇಲ್ಲದ್ದು" ಎಂಬ ಪಟ್ಟಿ ಶುರುವಾಯಿತು. ಕಾಂಕ್ರೀಟು ಸುರಿಯಲು ಕಟ್ಟುವ ಸೆಂಟರಿಂಗ್ ಅಚ್ಚು, ಸಾರುವೆ, ಪಾಯದ ಗುಂಡಿಯಿಂದ ನೀರೆತ್ತುವ ಪಂಪು, ಮರಳಿಗೆ ಹೊದಿಸುವ ಟಾರ್ಪಾಲು, ಕೆಸರಿನಲ್ಲಿ ಲಾರಿ ಮೇಲೆ ಬಾರದೆ ರಸ್ತೆಯಂಚಿನಿಂದ ತಲೆಹೊರೆಯಲ್ಲಿ ಸಾಗಿಸಿದ ಬ್ಲಾಕು. ಅವುಗಳಲ್ಲಿ ಕೆಲವನ್ನು ಮಾದರಿಯಲ್ಲಿ ಸೇರಿಸಬಹುದು. ಸೇರಿಸಬೇಕೆಂದು ಹೊಳೆಯಬೇಕಾದವನು ಮಾತ್ರ ಅಳೆಯುವವನೇ.

ಉಳಿದದ್ದು

ಸಹೋದ್ಯೋಗಿಯ ಅರ್ಧ ನಿಜಕ್ಕೆ ಬರುತ್ತೇನೆ. ಮೂರು ವಾರ ಟೇಪಿಗೆ ಹೋದದ್ದರಿಂದ ಕಬ್ಬಿಣದ ಸರಳುಗಳ ಮಾದರಿಗೆ ನಾವು ತಲುಪಲೇ ಇಲ್ಲ. ಪ್ರಮಾಣಪಟ್ಟಿಗೆ ದರಪಟ್ಟಿಯನ್ನು ಜೋಡಿಸುವ ಪಾಠ ಒಂದು ಮಧ್ಯಾಹ್ನದಲ್ಲಿ ಮುಗಿಯಿತು, ಅಂದರೆ ಆಗಲಿಲ್ಲ. ಮನೆಯಲ್ಲಿ ಕಂಪ್ಯೂಟರು ಇಲ್ಲದ ಐದಾರು ಜನ ಕೊನೆಯ ತನಕ ತಂತ್ರಾಂಶದಲ್ಲಿ ತಡವರಿಸಿದರು. ಅವರಲ್ಲಿ ಇಬ್ಬರು ಇಡೀ ತರಗತಿಯಲ್ಲಿ ಅತ್ಯುತ್ತಮ ಕಾರಣಗಳನ್ನು ಬರೆದವರು, ಉದ್ಯೋಗ ಸಂದರ್ಶನದಲ್ಲಿ ಆ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ. ಎರಡು ತಂಡಗಳು ಕಾರಣಗಳನ್ನೂ ಪರಸ್ಪರ ನಕಲು ಮಾಡಿದ್ದವು. ಕಾರಣಕ್ಕೆ ಅಂಕ ಕೊಟ್ಟರೆ ಕಾರಣವನ್ನೂ ಹೊಂದಿಸಿ ತರುತ್ತಾರೆ. ಈಗ ಪ್ರತಿ ತಂಡಕ್ಕೂ ಬೇರೆ ಬೇರೆ ಪುಟ ಹಂಚುತ್ತೇನೆ, ಯಾವುದೋ ಒಂದು ಪುಟವನ್ನು ಎದ್ದು ನಿಂತು ಸಮರ್ಥಿಸಿಕೊಳ್ಳಬೇಕು. ಕಂಪ್ಯೂಟರಿಲ್ಲದ ಮೂರು ವಾರವನ್ನು ಎರಡಕ್ಕೆ ಇಳಿಸಿದ್ದೇನೆ. ಒಂದಕ್ಕೆ ಇಳಿಸಲು ಒಪ್ಪಿಲ್ಲ.

ಮೊದಲ ವರ್ಷದ ಆ ಹುಡುಗ ಇನ್ನೂ ಅದೇ ಗುತ್ತಿಗೆದಾರರ ಬಳಿಯೇ ಇದ್ದಾನೆ. ಮಾದರಿ ಮಾಡುವುದನ್ನು ಬಿಟ್ಟಿಲ್ಲ. ನಿವೇಶನಕ್ಕೆ ಹೋಗಿ ಮೂಲೆ ಮೂಲೆಯ ಮಟ್ಟ ತೆಗೆದ ಮೇಲೆಯೇ ಕಂಪ್ಯೂಟರಿನ ಮುಂದೆ ಕೂರುತ್ತಾನಂತೆ.

ವ್ಯತ್ಯಾಸದ ಪುಸ್ತಕದಲ್ಲಿ ಒಂದು ಪುಟ ಮಾತ್ರ ಇನ್ನೂ ಬಗೆಹರಿದಿಲ್ಲ. ತಡೆಗೋಡೆಯ ಹಿಂದೆ ತುಂಬಿದ ಮಣ್ಣಿನ ಲೆಕ್ಕದಲ್ಲಿ ಕೈಗೂ ಮಾದರಿಗೂ 2.30 ಘನ ಮೀಟರ್ ಅಂತರ ಉಳಿದಿದೆ. ಮೂರು ಕಾರಣ ಬರೆದು ಮೂರನ್ನೂ ಹೊಡೆದುಹಾಕಿದ್ದಾರೆ. ಮತ್ತೊಮ್ಮೆ ಅಳೆಯೋಣವೆಂದರೆ ಅಗೆಯುವಂತಿಲ್ಲ. ಮನೆಯವರು ಒಕ್ಕಲು ಬಂದಾಗಿದೆ, ಆ ಮಣ್ಣಿನ ಮೇಲೆ ಕೆಸುವು ನೆಟ್ಟಿದ್ದಾರೆ.